ನಿಲ್ಲಲು ಬಾರದ ಇನ್ಸುಲಿನ್: ಶಿಡ್ಲಘಟ್ಟದ ಒಂದು ಪ್ರಕರಣ

ರೋಗಿ 48 ವರ್ಷದ ಹೆಣ್ಣುಮಗಳು. ಊರು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ. ಮನೆ ಹಿಂದೆಯೇ ಸಣ್ಣದೊಂದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಗಂಡ ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಹಿಡಿದು ತರುತ್ತಾರೆ, ಇವರು ಗೂಡು ಬಿಚ್ಚುವ ಬಿಸಿನೀರಿನ ಬೇಸಿನ್ ಮುಂದೆ ಕೂರುತ್ತಾರೆ. ಸಕ್ಕರೆ ಕಾಯಿಲೆ ಬಂದು 14 ವರ್ಷ, ಇನ್ಸುಲಿನ್ ಶುರುವಾಗಿ 5 ವರ್ಷ. ನನ್ನ ಹತ್ತಿರ ಬಂದದ್ದು ಶುಗರ್ ಜಾಸ್ತಿಯಾಗಿದೆ ಅಂತ ಅಲ್ಲ. ರಾತ್ರಿ ಎಬ್ಬಿಸಿದರೆ ಏಳುವುದಿಲ್ಲ ಅಂತ ಮಗ ಕರೆದುಕೊಂಡು ಬಂದಿದ್ದ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆಯಲು, ಶುಗರ್ ನೋಡಿ ತಾನೇ ಇನ್ಸುಲಿನ್ ಬಿಡುವ ಪ್ಯಾಚ್ ಬಗ್ಗೆ ಆ ಮಗ ಕೇಳಿದ ಪ್ರಶ್ನೆಯೇ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆದಿದ್ದೇನೆ. ಅಕ್ಕ ಅಂತಲೇ ಕರೆಯುತ್ತೇನೆ.

ಬಂದಾಗಿನ ಸ್ಥಿತಿ

ಬರುವುದಕ್ಕೆ ಹಿಂದಿನ ವಾರ ಬೆಳಗಿನ ಜಾವ ಮೂರರ ಹೊತ್ತಿಗೆ ಅಕ್ಕ ಏನೇನೋ ಬಡಬಡಿಸುತ್ತಿದ್ದರಂತೆ. ಮೈಯೆಲ್ಲ ಬೆವರು, ಹಾಸಿಗೆ ಒದ್ದೆ. ಮಗ ಗ್ಲೂಕೋಮೀಟರ್‌ನಲ್ಲಿ ನೋಡಿದರೆ 38. ಹತ್ತಿರದ ಆಸ್ಪತ್ರೆಗೆ ಸಾಗಿಸಿದ ಮೇಲೆ ಡೆಕ್ಸ್‌ಟ್ರೋಸ್ ಏರಿಸಿದರು, ಎಚ್ಚರವಾಯಿತು.

ಇದು ಮೊದಲ ಸಲ ಅಲ್ಲ ಅಂತ ಅಕ್ಕನ ಮಾತಿನಿಂದಲೇ ಗೊತ್ತಾಯಿತು. "ರಾತ್ರಿ ಮೈಯೆಲ್ಲ ನೆಂದೋಗ್ತದೆ ಡಾಕ್ಟ್ರೇ. ಎದ್ದು ಎರಡು ಬಾಳೆಹಣ್ಣು ತಿಂದ್ರೆ ಸರಿಹೋಗ್ತದೆ. ಈಚೆಗೆ ಬೆವರೂ ಗೊತ್ತಾಗ್ತಿಲ್ಲ" ಅಂದರು. ಈ ಕೊನೆಯ ಮಾತೇ ನನಗೆ ಭಯ ಹುಟ್ಟಿಸಿದ್ದು. ಶುಗರ್ ಪದೇ ಪದೇ ಕೆಳಗೆ ಬಿದ್ದರೆ ಮೈ ಕೊಡುವ ಮುನ್ಸೂಚನೆ ಮಂಕಾಗುತ್ತದೆ. ನಡುಕ, ಬೆವರು, ಎದೆ ಹೊಡೆತ ಯಾವುದೂ ಬರುವುದಿಲ್ಲ. ನೇರವಾಗಿ ಪ್ರಜ್ಞೆಯೇ ತಪ್ಪುತ್ತದೆ.

ತೆಗೆದುಕೊಳ್ಳುತ್ತಿದ್ದ ಔಷಧ: 30/70 ಇನ್ಸುಲಿನ್ (ಬೇಗ ಕೆಲಸ ಮಾಡುವುದು, ನಿಧಾನವಾಗಿ ಮಾಡುವುದು ಎರಡರ ಮಿಶ್ರಣ) ಬೆಳಿಗ್ಗೆ 24 ಯೂನಿಟ್, ರಾತ್ರಿ 18 ಯೂನಿಟ್. ಜೊತೆಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ. ತೂಕ 52 ಕಿಲೋ. ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6, ಹಿಮೋಗ್ಲೋಬಿನ್ 9.2. ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 1.3, ಇಜಿಎಫ್‌ಆರ್ 50ರ ಆಸುಪಾಸು.

ಹಿಂದೆ ತೋರಿಸುತ್ತಿದ್ದ ಕಡೆ ಬೆಳಗಿನ ಖಾಲಿ ಹೊಟ್ಟೆ ಶುಗರ್ 240 ಬಂದಾಗೆಲ್ಲ ರಾತ್ರಿಯ ಡೋಸ್ ಸ್ವಲ್ಪ ಸ್ವಲ್ಪ ಏರಿಸಿದ್ದರು. ಚೀಟಿಯಲ್ಲಿ 12, ಆಮೇಲೆ 14, ಆಮೇಲೆ 18. ಅಂಕಿಗಳನ್ನು ಮಾತ್ರ ನೋಡಿದರೆ ಯಾರಾದರೂ ಹಾಗೇ ಮಾಡುತ್ತಿದ್ದರೇನೋ. ಆದರೆ ರಾತ್ರಿ ಎರಡು ಗಂಟೆಗೆ ಏನಾಗುತ್ತಿದೆ ಅಂತ ಯಾವ ಚೀಟಿಯಲ್ಲೂ ಇರಲಿಲ್ಲ.

ಹುಡುಕಿದ್ದು, ಸಿಕ್ಕಿದ್ದು

ಮೊದಲು ಸಿರಿಂಜ್ ನೋಡಿದೆ. ನಮ್ಮಲ್ಲಿ ಬಾಟಲಿ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. 100 ಯೂನಿಟ್‌ನ ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸಿದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಅಕ್ಕನದು ಸರಿಯಾಗಿಯೇ ಇತ್ತು.

ಆಮೇಲೆ ಹೊಟ್ಟೆ ಮುಟ್ಟಿ ನೋಡಿದೆ. ಹೊಕ್ಕುಳಿನ ಎಡಕ್ಕೆ ಎರಡು ಬೆರಳಗಲ ಮೆತ್ತನೆಯ ಗಂಟು ಸಿಕ್ಕಿತು. ಐದು ವರ್ಷ ಅದೇ ಜಾಗಕ್ಕೆ ಚುಚ್ಚಿದ್ದರ ಫಲ. ಅಲ್ಲಿ ಕೊಬ್ಬು ಬೆಳೆದು ನೋವೇ ಆಗುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಅಲ್ಲೇ ಚುಚ್ಚುವುದು. ಗಂಟಿನೊಳಗೆ ಬಿದ್ದ ಇನ್ಸುಲಿನ್ ಯಾವಾಗ ರಕ್ತಕ್ಕೆ ಇಳಿಯುತ್ತದೆ ಅಂತ ಹೇಳಲಾಗದು. ಒಂದು ದಿನ ತಡ, ಒಂದು ದಿನ ಬೇಗ. ಪಕ್ಕದ ಒಳ್ಳೆಯ ಚರ್ಮಕ್ಕೆ ಚುಚ್ಚಿದ ದಿನ ಅದೇ 18 ಯೂನಿಟ್ ಜಾಸ್ತಿ ಕೆಲಸ ಮಾಡಿಬಿಡುತ್ತದೆ.

ಬಾಟಲಿ ಉರುಳಿಸಿ ಬೆರೆಸುವ ಅಭ್ಯಾಸವೂ ಇರಲಿಲ್ಲ. 30/70ರಲ್ಲಿ ನೂರಕ್ಕೆ 70 ಭಾಗ ಮೋಡದಂತಿರುವ, ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್ ಇನ್ಸುಲಿನ್. ಅದು ತಳ ಹಿಡಿಯುತ್ತದೆ. ಬೆರೆಸದೆ ಎಳೆದರೆ ಒಂದೊಂದು ದಿನ ಒಂದೊಂದು ಔಷಧ ಹಾಕಿದಂತೆಯೇ.

ಇನ್ನು ಕೆಲಸದ ಜಾಗ. ಬೆಂದ ಗೂಡು ತೇಲುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ದಿನವಿಡೀ ಹಬೆ, ಒಲೆಯ ಕಾವು. ಮೈ ಬಿಸಿಯಾದಷ್ಟೂ ಚರ್ಮದಡಿಯ ರಕ್ತ ಓಡಾಟ ಹೆಚ್ಚಿ ಇನ್ಸುಲಿನ್ ಬೇಗ ಹೀರಿಕೆಯಾಗುತ್ತದೆ. ಅಕ್ಕನ ಬೆರಳ ತುದಿಗಳು ನೆನೆದು ಬಿಳಿಚಿ, ಅಲ್ಲಲ್ಲಿ ಒಡೆದಿದ್ದವು. ಶುಗರ್ ಯಾಕೆ ನೋಡಿಕೊಳ್ಳುತ್ತಿಲ್ಲ ಅಂದರೆ, "ಚುಚ್ಚಿದ ಬೆರಳು ಬಿಸಿನೀರಿಗೆ ಇಕ್ಕಕ್ಕಾಗಲ್ಲ ಡಾಕ್ಟ್ರೇ, ಉರಿ" ಅಂದರು. ಸ್ಟ್ರಿಪ್ ಖರ್ಚಿನ ಮಾತು ಆಮೇಲೆ ಬಂತು. ಕೈಯೇ ಬಂಡವಾಳ ಆಗಿರುವವರಿಗೆ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳಿ ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ.

ಅದಕ್ಕೇ ತೋಳಿಗೆ 14 ದಿನದ ಸೆನ್ಸರ್ ಹಾಕಿದೆವು. ಅದು 15 ನಿಮಿಷಕ್ಕೊಮ್ಮೆ ಗ್ಲೂಕೋಸ್ ದಾಖಲಿಸುತ್ತದೆ. ಊಟ, ಇಂಜೆಕ್ಷನ್‌ನ ಹೊತ್ತನ್ನು ಮಗ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. 14 ರಾತ್ರಿಗಳಲ್ಲಿ 6 ರಾತ್ರಿ ಶುಗರ್ 70ಕ್ಕಿಂತ ಕೆಳಗೆ ಹೋಗಿತ್ತು. ಅದರಲ್ಲಿ 3 ರಾತ್ರಿ 54ಕ್ಕಿಂತಲೂ ಕೆಳಗೆ. 54ರ ಕೆಳಗೆ ಮೆದುಳಿಗೆ ಸಾಕಷ್ಟು ಗ್ಲೂಕೋಸ್ ಸಿಗದೆ ಮಂಪರು ಶುರುವಾಗುತ್ತದೆ.

ಅದರಲ್ಲಿ ಒಂದು ಗುರುವಾರದ ರಾತ್ರಿಯನ್ನು ಬಿಡಿಸಿ ಹೇಳಬೇಕು. ಅವತ್ತು ಒಳ್ಳೆಯ ಲಾಟು ಸಿಕ್ಕಿತ್ತು, ಗೂಡು ಬಂದದ್ದು ತಡವಾಗಿ, ಕೆಲಸ ರಾತ್ರಿಗೆ ಎಳೆದಿತ್ತು. ಇಂಜೆಕ್ಷನ್ ಮಾತ್ರ ಎಂದಿನಂತೆ 8 ಗಂಟೆಗೆ ಬಿದ್ದಿತ್ತು. ಊಟಕ್ಕೆ ಕೂತದ್ದು 9.45ಕ್ಕೆ. ಆಗಲೇ ಶುಗರ್ 82. ಒಂದೂವರೆ ಮುದ್ದೆ, ಬಸ್ಸಾರು. 11.30ಕ್ಕೆ 196. 1.15ಕ್ಕೆ 140. ಅಲ್ಲಿಂದ ಇಳಿಜಾರು ಹಿಡಿದು 2.45ಕ್ಕೆ 48. ಮೂರೂಕಾಲಿಗೆ ಎದ್ದು ಬಾಳೆಹಣ್ಣು, ಸಕ್ಕರೆ ನೀರು, ಹಸಿವು ತಡೆಯದೆ ಒಂದಿಷ್ಟು ಮೊಸರನ್ನ. ಬೆಳಿಗ್ಗೆ ಆರಕ್ಕೆ 248.

ಈ 248 ಮಾತ್ರ ಚೀಟಿಗೆ ಏರುತ್ತಿತ್ತು. ಅದಕ್ಕೆ ಮದ್ದು ಅಂತ ರಾತ್ರಿಯ ಇನ್ಸುಲಿನ್ ಏರುತ್ತಿತ್ತು. ಅದರಿಂದ ರಾತ್ರಿ ಇನ್ನೂ ಕೆಳಗೆ ಬೀಳುತ್ತಿತ್ತು, ಅಕ್ಕ ಇನ್ನೂ ಜಾಸ್ತಿ ತಿನ್ನುತ್ತಿದ್ದರು.

ಎರಡು ಗಂಟೆಯ ಸುಮಾರಿಗೇ ಯಾಕೆ? ಎನ್‌ಪಿಎಚ್ ಹಾಕಿದ ನಾಲ್ಕರಿಂದ ಹತ್ತು ಗಂಟೆಯೊಳಗೆ ಅದರ ಜೋರು ಹೆಚ್ಚು. ರಾತ್ರಿ 8ಕ್ಕೆ ಹಾಕಿದ್ದು ನಡುರಾತ್ರಿಯಿಂದ ಬೆಳಗಿನವರೆಗೆ, ಹೊಟ್ಟೆಯಲ್ಲಿ ಊಟ ಕರಗಿ ಹೋಗಿರುವ ಹೊತ್ತಿನಲ್ಲಿ, ಪೂರ್ತಿ ಬಲಕ್ಕೆ ಬರುತ್ತದೆ. ಕಿಡ್ನಿ ಸ್ವಲ್ಪ ಸೋತಿರುವುದರಿಂದ ಇನ್ಸುಲಿನ್ ಮೈಯಿಂದ ಖಾಲಿಯಾಗುವುದೂ ನಿಧಾನ. ಮೇಲೆ ಗ್ಲಿಮೆಪಿರೈಡ್ ಬೇರೆ. ಅದು ಮೇದೋಜೀರಕ ಗ್ರಂಥಿಯಲ್ಲಿ ಉಳಿದಿರುವ ಚೂರುಪಾರು ಇನ್ಸುಲಿನ್ನನ್ನೂ ಹಿಂಡುತ್ತದೆ, ಶುಗರ್ ಎಷ್ಟಿದೆ ಅಂತ ನೋಡದೆಯೇ.

ಎಚ್‌ಬಿಎ1ಸಿ ಬಗ್ಗೆಯೂ ಒಂದು ಮಾತು. ಕಬ್ಬಿಣದ ಕೊರತೆ ಇದ್ದರೆ ಆ ಅಂಕಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಅಕ್ಕನಿಗೆ ಕಬ್ಬಿಣ ಕಡಿಮೆ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅಂತ ಎಲ್ಲರಿಗೂ ಗೊತ್ತು. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ಹಿಡಿದು ಡೋಸ್ ಏರಿಸಬಾರದು ಅಂತ ನಾನು ಸಹೋದ್ಯೋಗಿಗಳಿಗೆ ಹೇಳುತ್ತಲೇ ಇರುತ್ತೇನೆ.

ಮಾಡಿದ್ದು

ಗ್ಲಿಮೆಪಿರೈಡ್ ನಿಲ್ಲಿಸಿದೆ. 30/70 ಬಿಡಿಸಿ, ರಾತ್ರಿ ಒಂದು ದೀರ್ಘಾವಧಿಯ ಗ್ಲಾರ್ಜಿನ್, ಊಟಕ್ಕೆ ತ್ವರಿತವಾಗಿ ಕೆಲಸ ಮಾಡುವ ಇನ್ಸುಲಿನ್ ಕೊಟ್ಟೆ. ಒಟ್ಟು 42 ಯೂನಿಟ್ ಇದ್ದದ್ದು 30ಕ್ಕೆ ಇಳಿಯಿತು. ಗಂಟಿನಿಂದ ಒಳ್ಳೆಯ ಚರ್ಮಕ್ಕೆ ಜಾಗ ಬದಲಿಸುವಾಗ ಡೋಸ್ ಇಳಿಸಲೇಬೇಕು. ಇವು ಈ ಒಬ್ಬರಿಗೆ ಕೂಡಿಸಿದ ಲೆಕ್ಕ. ಬೇರೆಯವರು ತಮ್ಮ ಡಾಕ್ಟರನ್ನು ಕೇಳದೆ ಒಂದು ಯೂನಿಟ್ಟನ್ನೂ ಬದಲಿಸಬಾರದು.

ಊಟದ ಇನ್ಸುಲಿನ್‌ಗೆ ಗಡಿಯಾರ ಬೇಡ ಅಂದೆ. ತಟ್ಟೆ ಎದುರಿಗೆ ಬಂದ ಮೇಲೆಯೇ ಹಾಕಿ. ಲಾಟು ತಡವಾದರೆ ಇಂಜೆಕ್ಷನ್ನೂ ತಡವಾಗಲಿ. ಶ್ರಾವಣ ಶನಿವಾರ ಒಪ್ಪೊತ್ತು ಇದ್ದರೆ ಬಿಟ್ಟ ಊಟದ ಇನ್ಸುಲಿನ್ನೂ ಬಿಡಿ. ಬೆರಳು ಚುಚ್ಚುವುದನ್ನು ಕೆಲಸ ಮುಗಿದ ಮೇಲೆ, ಎಡಗೈ ಕಿರುಬೆರಳು ಉಂಗುರ ಬೆರಳಿನ ಪಕ್ಕಕ್ಕೆ. ಇನ್ಸುಲಿನ್ ಬೇಸಿನ್ ಕೋಣೆಯ ಗೋಡೆಗೂಡಿನಲ್ಲಿ ಇಡುತ್ತಿದ್ದರು, ಅದನ್ನು ಒಳಮನೆಗೆ ತರಿಸಿದೆ. ಕಬ್ಬಿಣದ ಮಾತ್ರೆ ಶುರು ಮಾಡಿದೆ.

ಮನೆಯವರಿಗೆ ಒಂದು ವಿಷಯ ಒತ್ತಿ ಹೇಳಿದೆ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ನುಂಗುವ ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಮೂರು ತಿಂಗಳ ಮೇಲೆ ಮತ್ತೆ ಸೆನ್ಸರ್ ಹಾಕಿದಾಗ ರಾತ್ರಿ ಒಂದು ಸಲವೂ 70ರ ಕೆಳಗೆ ಇಳಿದಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಮಾತ್ರ 66 ಬಂದಿತ್ತು. ಬೆವರು, ನಡುಕ ಗೊತ್ತಾಗುವುದೂ ವಾಪಸ್ ಬಂದಿತ್ತು, ಇದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಎಚ್‌ಬಿಎ1ಸಿ 7.7.

ಮಗನ ಪ್ರಶ್ನೆ

ಡಿಪ್ಲೊಮಾ ಓದುತ್ತಿರುವ ಹುಡುಗ. ಸೆನ್ಸರ್ ತೆಗೆಯಲು ಬಂದ ದಿನ ಕೇಳಿದ: "ಸರ್, ಅಂಟಿಸಿಕೊಂಡರೆ ತಾನೇ ಶುಗರ್ ನೋಡಿ ಬೇಕಾದಷ್ಟೇ ಇನ್ಸುಲಿನ್ ಬಿಡೋ ಪ್ಯಾಚ್ ಬಂದಿದೆಯಂತಲ್ಲ. ಅಮ್ಮನಿಗೆ ಹಾಕಿಸಬಹುದಾ?"

ಅಂಥದ್ದು ಇನ್ನೂ ಔಷಧ ಅಂಗಡಿಗೆ ಬಂದಿಲ್ಲ. ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಕೇಳಿದ ಪ್ರಶ್ನೆ ಸರಿಯಾದದ್ದು, ಅದೂ ಆ ಗುರುವಾರದ ರಾತ್ರಿಯ ಗ್ರಾಫ್ ಕೈಯಲ್ಲಿ ಹಿಡಿದು ಕೇಳಿದ್ದು. ಈ ಹೊಸ ವಸ್ತುಗಳು ಅವತ್ತು ಇದ್ದಿದ್ದರೆ ಏನು ಮಾಡುತ್ತಿದ್ದವು ಅಂತ ಇಬ್ಬರೂ ಕೂತು ನೋಡಿದೆವು.

ಆರೋಗ್ಯವಾಗಿರುವ ಮೈಯಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಶುಗರ್ ಇಳಿಯುತ್ತಿದ್ದ ಹಾಗೇ ಇನ್ಸುಲಿನ್ ಬಿಡುವುದನ್ನು ಕಡಿಮೆ ಮಾಡಿ, 80ರ ಸುಮಾರಿಗೆ ಬಹುತೇಕ ನಿಲ್ಲಿಸುತ್ತವೆ. ರಕ್ತದಲ್ಲಿ ಉಳಿದ ಇನ್ಸುಲಿನ್ ಐದಾರು ನಿಮಿಷಕ್ಕೆ ಅರ್ಧದಷ್ಟಾಗುತ್ತದೆ. ಚರ್ಮದಡಿಗೆ ಚುಚ್ಚಿದ ಇನ್ಸುಲಿನ್ ಹಾಗಲ್ಲ. ಅದು ತೂಬು ಮುಚ್ಚಲು ಬಾರದ ಕೆರೆ. ಗದ್ದೆ ತುಂಬಿತು ಅಂತ ನಿಲ್ಲಿಸಲು ಬರುವುದಿಲ್ಲ. ಟೊರೊಂಟೊದಲ್ಲಿ 1922ರ ಜನವರಿಯಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಟ್ಟಾಗಿನಿಂದ ಇವತ್ತಿನವರೆಗೂ ಈ ತೊಡಕು ಹಾಗೇ ಇದೆ. ಬೇಗ ಕೆಲಸ ಮಾಡುವುದು ಬಂತು, ನಿಧಾನವಾಗಿ ಮಾಡುವುದು ಬಂತು, ಬೇಕಾದಾಗ ನಿಲ್ಲುವುದು ಬರಲಿಲ್ಲ.

ಪ್ಯಾಚ್ ಅಂದ ತಕ್ಷಣ ಜನ ಸಂತೋಷಪಡುವುದು ಸೂಜಿ ತಪ್ಪುತ್ತದೆ ಅಂತ. ಅಕ್ಕನಿಗೆ ಸೂಜಿ ಒಂದು ತೊಂದರೆಯೇ ಆಗಿರಲಿಲ್ಲ. ಜೀವಕ್ಕೆ ಬಂದದ್ದು ಇನ್ಸುಲಿನ್ ನಿಲ್ಲದೆ ಹೋದದ್ದರಿಂದ. ಆದ್ದರಿಂದ ಯಾವ ಹೊಸ ವಸ್ತುವನ್ನು ನೋಡಿದರೂ ನಾನು ಮೊದಲು ಕೇಳುವುದು, ಇದು ಎಷ್ಟಕ್ಕೆ ನಿಲ್ಲುತ್ತದೆ, ಎಷ್ಟು ಬೇಗ ನಿಲ್ಲುತ್ತದೆ ಅಂತ.

ಈ ಯೋಚನೆ ಹಳೆಯದು. 1979ರಲ್ಲಿ ಅಮೆರಿಕದ ಬ್ರೌನ್‌ಲೀ ಮತ್ತು ಸೆರಾಮಿ ಇನ್ಸುಲಿನ್‌ಗೆ ಸಕ್ಕರೆಯ ಒಂದು ತುಣುಕು ಜೋಡಿಸಿ, ಅದನ್ನು ಕಾನ್‌ಕನವಾಲಿನ್ ಎ ಎಂಬ ಪ್ರೋಟೀನ್‌ಗೆ ಅಂಟಿಸಿ ತೋರಿಸಿದರು. ಗ್ಲೂಕೋಸ್ ಹೆಚ್ಚಾದರೆ ಅದು ಇನ್ಸುಲಿನ್ನನ್ನು ಜಾಗದಿಂದ ತಳ್ಳಿ ತಾನು ಅಂಟಿಕೊಳ್ಳುತ್ತದೆ, ಇನ್ಸುಲಿನ್ ಬಿಡುಗಡೆ. ತುಂಬಾ ಚೆಂದದ ಉಪಾಯ. ಆದರೆ ಜ್ಯಾಕ್ ಬೀನ್ ಎಂಬ ಕಾಳಿನಿಂದ ತೆಗೆಯುವ ಆ ಪ್ರೋಟೀನ್ ನಮ್ಮ ರೋಗನಿರೋಧಕ ಕೋಶಗಳನ್ನು ಕೆರಳಿಸುತ್ತದೆ. ಮೈಯೊಳಗೆ ಇಡಲು ಹಿಂಜರಿಕೆ ಇದ್ದೇ ಇದೆ.

ಎರಡನೆಯ ದಾರಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ. ಅಕ್ಕನ ಗ್ಲೂಕೋಮೀಟರ್ ಸ್ಟ್ರಿಪ್‌ಗಳಲ್ಲೂ ಎಷ್ಟೋ ಕಡೆ ಇದೇ ಇರುತ್ತದೆ. ಅದು ಆಮ್ಲಜನಕ ಬಳಸಿ ಗ್ಲೂಕೋಸನ್ನು ಗ್ಲೂಕೋನಿಕ್ ಆಮ್ಲ ಮಾಡುತ್ತದೆ. ಹುಳಿ ಹೆಚ್ಚಾದಾಗ ಉಬ್ಬುವ ಇಲ್ಲವೇ ಕರಗುವ ಜೆಲ್‌ನಲ್ಲಿ ಇನ್ಸುಲಿನ್ ತುಂಬಿಟ್ಟರೆ ಶುಗರ್ ಏರಿದಾಗ ಅದು ಹೊರಬರುತ್ತದೆ. ಆಗ ಅಮೆರಿಕದಲ್ಲಿದ್ದ ವಿಜ್ಞಾನಿ ಝೆನ್ ಗು ಅವರ ತಂಡ 2015ರಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ತಿರುಗಿಸಿತು. ಕಿಣ್ವ ಕೆಲಸ ಮಾಡುವಾಗ ಸುತ್ತಲಿನ ಆಮ್ಲಜನಕ ಕಡಿಮೆಯಾಗುತ್ತದಲ್ಲ, ಆ ಕೊರತೆಗೇ ಒಡೆಯುವ ಪುಟ್ಟ ಕೋಶಗಳಲ್ಲಿ ಇನ್ಸುಲಿನ್ ಇಟ್ಟು, ಸೂಕ್ಷ್ಮ ಸೂಜಿಗಳ ಪ್ಯಾಚ್ ಮಾಡಿ ಇಲಿಗಳ ಮೇಲೆ ನೋಡಿದರು. ತೊಂದರೆ ಏನೆಂದರೆ ಈ ಕ್ರಿಯೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಚರ್ಮಕ್ಕೂ ಒಳ್ಳೆಯದಲ್ಲ, ಇನ್ಸುಲಿನ್‌ಗೂ ಒಳ್ಳೆಯದಲ್ಲ. ಕಿಣ್ವ ಬಿಸಿಗೆ ಸೊರಗುತ್ತದೆ ಕೂಡ. ಹಬೆ ತುಂಬಿದ ಬಿಚ್ಚಾಣಿಕೆ ಕೋಣೆಗೆ ನಾನು ಇದನ್ನು ಆರಿಸುವುದಿಲ್ಲ.

ಮೂರನೆಯದು ಫಿನೈಲ್‌ಬೋರಾನಿಕ್ ಆಸಿಡ್. ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಬೋರಾನ್ ಇರುವ ಈ ರಾಸಾಯನಿಕ ಗ್ಲೂಕೋಸನ್ನು ಹಿಡಿಯುತ್ತದೆ, ಗ್ಲೂಕೋಸ್ ಕಡಿಮೆಯಾದರೆ ಬಿಡುತ್ತದೆ. ಹಿಡಿದಾಗ ಜೆಲ್‌ನಲ್ಲಿ ಋಣ ವಿದ್ಯುದಂಶ ಹೆಚ್ಚಿ ನೀರು ಹೀರಿ ಉಬ್ಬುತ್ತದೆ, ಇನ್ಸುಲಿನ್ ಹೊರಗೆ ಜಾರುತ್ತದೆ. ಗ್ಲೂಕೋಸ್ ಇಳಿದಾಗ ಜೆಲ್‌ನ ಮೇಲ್ಪದರ ನೀರು ಕಳೆದುಕೊಂಡು ಬಿಗಿಯಾಗುತ್ತದೆ, ಒಳಗಿನ ಇನ್ಸುಲಿನ್ ಅಲ್ಲೇ ನಿಲ್ಲುತ್ತದೆ. ಜಪಾನಿನ ಅಕಿರಾ ಮಾತ್ಸುಮೊಟೊ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದ್ದು ಈ ಮೇಲ್ಪದರದ ಮೇಲೆಯೇ. ಕಿಣ್ವ ಇಲ್ಲ, ಪ್ರೋಟೀನ್ ಇಲ್ಲ, ಹಾಗಾಗಿ ಬಿಸಿಗೆ ಅಷ್ಟು ಹೆದರಬೇಕಿಲ್ಲ. ಇದಕ್ಕೂ ಒಂದು ಕುಂದಿದೆ. ಬೋರಾನಿಕ್ ಆಸಿಡ್ ಗ್ಲೂಕೋಸ್ ಒಂದನ್ನೇ ಹಿಡಿಯುವುದಿಲ್ಲ. ಫ್ರಕ್ಟೋಸನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ರಕ್ತದಲ್ಲಿ ಫ್ರಕ್ಟೋಸ್ ತೀರಾ ಕಡಿಮೆ ಇರುವುದರಿಂದ ಸದ್ಯಕ್ಕೆ ಬಚಾವ್.

2020ರಲ್ಲಿ ಗು ಅವರ ತಂಡ, ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿದ್ದದ್ದು, ಬೋರಾನಿಕ್ ಜಾತಿಯ ಪಾಲಿಮರ್‌ನ ಸೂಕ್ಷ್ಮ ಸೂಜಿ ಪ್ಯಾಚ್‌ನ ಫಲಿತಾಂಶ ಪ್ರಕಟಿಸಿತು. 25 ಕಿಲೋ ಆಸುಪಾಸಿನ ಮಧುಮೇಹದ ಹಂದಿಗಳಲ್ಲಿ ನಾಣ್ಯದಷ್ಟು ಅಗಲದ ಒಂದು ಪ್ಯಾಚ್ ಸುಮಾರು 20 ಗಂಟೆ ಶುಗರ್ ಹತೋಟಿಯಲ್ಲಿಟ್ಟಿತ್ತು. ಹಂದಿಯ ಚರ್ಮ ನಮ್ಮ ಚರ್ಮಕ್ಕೆ ಹತ್ತಿರ, ಆದ್ದರಿಂದ ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಆ ಗುರುವಾರಕ್ಕೆ ಲೆಕ್ಕ ಹಾಕಿದರೆ

ಅಕ್ಕನ ಶುಗರ್ 1.15ರಿಂದ 2.45ರ ನಡುವೆ 140ರಿಂದ 48ಕ್ಕೆ ಇಳಿದಿತ್ತು. 90 ನಿಮಿಷಕ್ಕೆ 92, ನಿಮಿಷಕ್ಕೆ ಹೆಚ್ಚುಕಡಿಮೆ ಒಂದು. ಪ್ಯಾಚ್ ನೋಡುವುದು ರಕ್ತವನ್ನಲ್ಲ, ಚರ್ಮದೊಳಗಿನ ದ್ರವವನ್ನು. ಅಲ್ಲಿನ ಗ್ಲೂಕೋಸ್ ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದಿರುತ್ತದೆ. 100ಕ್ಕೆ ಬಿಗಿಯಾಗುವ ಜೆಲ್ ಇದ್ದರೆ, ರಕ್ತದಲ್ಲಿ 100 ಆದದ್ದು 1.55ರ ಹೊತ್ತಿಗೆ, ಜೆಲ್‌ಗೆ ಗೊತ್ತಾಗುವಾಗ 2.10, ಅಷ್ಟರಲ್ಲಿ ರಕ್ತದಲ್ಲಿ 85. ಆಗಲೇ ಹೊರಬಂದ ಇನ್ಸುಲಿನ್ ಇನ್ನೂ ಸ್ವಲ್ಪ ಹೊತ್ತು ಎಳೆಯುತ್ತದೆ. 65, 70ರ ಹತ್ತಿರ ನಿಂತಿರಬಹುದು ಅಂತ ನನ್ನ ಅಂದಾಜು. ಬೆವರುವಷ್ಟು ಇಳಿತ, ಎಚ್ಚರ ತಪ್ಪುವಷ್ಟಲ್ಲ. ಇದೂ ಎನ್‌ಪಿಎಚ್‌ನ ಅದೇ ಇಳಿಜಾರನ್ನು ಇಟ್ಟುಕೊಂಡು ಹಾಕಿದ ಬಿಗಿ ಲೆಕ್ಕ. ಪ್ಯಾಚ್‌ನಲ್ಲಿ ನಡುರಾತ್ರಿಯ ಆ ಜೋರು ಇರುವುದೇ ಇಲ್ಲ.

ಗಂಟಿನ ತೊಂದರೆಯೂ ಬಹುಮಟ್ಟಿಗೆ ತಪ್ಪುತ್ತಿತ್ತು. ಒಂದು ಮಿಲಿಮೀಟರಿಗಿಂತ ಚಿಕ್ಕ ಸೂಜಿ ಕೊಬ್ಬಿನ ಪದರಕ್ಕೆ ಇಳಿಯುವುದಿಲ್ಲ. ಊಟ ತಡವಾದರೂ, ಒಪ್ಪೊತ್ತು ಮಾಡಿದರೂ ಪ್ಯಾಚ್‌ಗೆ ಹೇಳಬೇಕಾಗಿಲ್ಲ.

ಹೆದರಿಕೆ ಇರುವುದು ಬೇರೆ ಕಡೆ. ಒಂದು ಯೂನಿಟ್ ಇನ್ಸುಲಿನ್ ಅಂದರೆ 0.0347 ಮಿಲಿಗ್ರಾಂ. ಅಕ್ಕನ ದಿನದ 30 ಯೂನಿಟ್ ಸುಮಾರು ಒಂದು ಮಿಲಿಗ್ರಾಂ. ಬೇಕಾದಾಗ ಬೇಕಾದಷ್ಟು ಕೊಡಬೇಕು ಅಂದರೆ ಪ್ಯಾಚ್‌ನಲ್ಲಿ ದಿನದ ಅಗತ್ಯಕ್ಕಿಂತ ಹೆಚ್ಚು ತುಂಬಿರಲೇಬೇಕು. ಅಂದರೆ ಮೈಮೇಲೆ ಯಾವಾಗಲೂ ಪ್ರಾಣಕ್ಕೆ ಎರವಾಗುವಷ್ಟು ಇನ್ಸುಲಿನ್ ಕೂತಿರುತ್ತದೆ, ನಡುವೆ ಇರುವುದು ಆ ಜೆಲ್ ಒಂದೇ. ಬಿಸಿನೀರು ಚೆಲ್ಲಿದರೆ? ಗೂಡಿನ ಮೂಟೆ ಎತ್ತುವಾಗ ಸೂಜಿ ಮುರಿದರೆ? ಬೆವರಿಗೆ ಅರ್ಧ ಎದ್ದು ಬಂದರೆ? ಹವಾನಿಯಂತ್ರಿತ ಪ್ರಯೋಗಾಲಯದ ಹಂದಿ ಬೇರೆ, ಬೇಸಿನ್ ಮುಂದೆ ಕೂರುವ ಹೆಣ್ಣುಮಗಳು ಬೇರೆ. ಶುಗರ್ 60 ಇದ್ದಾಗ ಗಂಟೆಗೆ ಎಷ್ಟು ಸೋರುತ್ತದೆ ಎಂಬ ಒಂದು ಅಂಕಿ, ಶುಗರ್ 300 ಇದ್ದಾಗ ಎಷ್ಟು ಚೆನ್ನಾಗಿ ಇಳಿಸಿತು ಎಂಬ ಹತ್ತು ಚಿತ್ರಗಳಿಗಿಂತ ನನಗೆ ಮುಖ್ಯ.

ಪ್ಯಾಚ್ ಇಲ್ಲದೆ ಇನ್ಸುಲಿನ್ ಅಣುವನ್ನೇ ಬದಲಿಸುವ ದಾರಿಯೂ ಇದೆ. ಮರ್ಕ್ ಕಂಪನಿಯ ಎಂಕೆ-2640 ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆಯವರೆಗೆ ಹೋಯಿತು. ಗ್ಲೂಕೋಸ್‌ಗೆ ತಕ್ಕಂತೆ ಬದಲಾಗುವ ಗುಣ ಸಾಕಷ್ಟು ಬಲವಾಗಿರಲಿಲ್ಲ, ಅಲ್ಲಿಗೇ ನಿಂತಿತು. 2024ರ ಅಕ್ಟೋಬರ್‌ನಲ್ಲಿ ನೊವೊ ನಾರ್ಡಿಸ್ಕ್ ಎನ್‌ಎನ್‌ಸಿ2215 ಎಂಬ ಅಣುವಿನ ವಿವರ 'ನೇಚರ್' ಪತ್ರಿಕೆಯಲ್ಲಿ ಕೊಟ್ಟಿತು. ಆ ಅಣುವಿನ ಮೇಲೆ ಒಂದು ಉಂಗುರ, ಗ್ಲೂಕೋಸನ್ನು ಹೋಲುವ ಒಂದು ಗ್ಲೂಕೋಸೈಡ್ ತುಣುಕು. ಶುಗರ್ ಕಡಿಮೆ ಇದ್ದಾಗ ತುಣುಕು ಉಂಗುರದಲ್ಲಿ ಸಿಕ್ಕಿಕೊಂಡು ಇನ್ಸುಲಿನ್ ಮಂಕಾಗಿರುತ್ತದೆ. ಶುಗರ್ ಏರಿದರೆ ಗ್ಲೂಕೋಸ್ ಉಂಗುರಕ್ಕೆ ಹೊಕ್ಕು, ಅಣು ಬಿಚ್ಚಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಇಲಿ, ಹಂದಿಗಳಲ್ಲಿ ಇದು ಶುಗರ್ ತೀರಾ ಕೆಳಗಿಳಿಯದಂತೆ ಕಾಪಾಡಿತು.

ನಾನು ಮೆಚ್ಚಿದ ಕೆಲಸ ಇದು. ಆದರೂ ಅಂಕಿ ನೋಡಿ. ಗ್ಲೂಕೋಸ್ 54ರಿಂದ 360ಕ್ಕೆ ಏರಿದಾಗ ಅದು ಕೋಶಗಳ ಮೇಲಿನ ಇನ್ಸುಲಿನ್ ಗ್ರಾಹಕವನ್ನು ಹಿಡಿಯುವ ಬಲ ಹೆಚ್ಚಿದ್ದು 3.2 ಪಟ್ಟು. ಅಕ್ಕನ ಜೀವನ ನಡೆಯುವುದು 70ರಿಂದ 200ರ ನಡುವೆ. ಅಷ್ಟರಲ್ಲಿ ಸಿಗುವ ವ್ಯತ್ಯಾಸ ಅದಕ್ಕಿಂತ ಕಡಿಮೆ. ಹೊಡೆತವನ್ನು ಮೆತ್ತಗೆ ಮಾಡೀತು, ಪೂರ್ತಿ ನಿಲ್ಲಿಸಲಾರದು. ಆದರೆ ಸೋರಿಕೆಯ ಭಯ ಇಲ್ಲ, ಬೆವರಿಗೆ ಎದ್ದುಬರುವ ಪ್ಯಾಚ್ ಇಲ್ಲ. ಅಕ್ಕನಂಥವರಿಗೆ ಮೊದಲು ಕೈಗೆ ಸಿಗುವುದು ಇಂಥ ಅಣುವೇ ಇರಬಹುದು ಅಂತ ನನಗನ್ನಿಸುತ್ತದೆ.

ಸೆನ್ಸರ್ ಹೇಳಿದಂತೆ ಇನ್ಸುಲಿನ್ ಬಿಡುವ ಪಂಪ್ ಈಗಾಗಲೇ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ಅಮೆರಿಕದಲ್ಲಿ ಅಂಥ ಮೊದಲ ಪಂಪ್‌ಗೆ 2016ರಲ್ಲೇ ಒಪ್ಪಿಗೆ ಸಿಕ್ಕಿತು, ಕೆಲಸವೂ ಚೆನ್ನಾಗಿ ಮಾಡುತ್ತದೆ. ಆದರೆ ಯಂತ್ರಕ್ಕೆ ಲಕ್ಷಗಟ್ಟಲೆ, ಆಮೇಲೆ ತಿಂಗಳು ತಿಂಗಳು ಖರ್ಚು. ಗೂಡಿನ ರೇಟು ವಾರಕ್ಕೊಂದು ಥರ ಇರುವ ಮನೆಗೆ ಅದು ಆಗದ ಮಾತು.

ರೇಷ್ಮೆಯ ವಿಷಯ

ಇದನ್ನು ಹುಡುಗನಿಗೆ ಹೇಳಿದಾಗ ಅವನ ಮುಖ ಅರಳಿತು. ಬೋರಾನಿಕ್ ಜೆಲ್ ಮೆತ್ತಗೆ, ಅದರಿಂದಲೇ ಸೂಜಿ ಮಾಡಿದರೆ ಚರ್ಮ ಚುಚ್ಚುವಷ್ಟು ಗಟ್ಟಿ ಇರುವುದಿಲ್ಲ. ಅದಕ್ಕೆ 2019ರಲ್ಲಿ ಮಾತ್ಸುಮೊಟೊ ಅವರ ತಂಡ ಜೆಲ್ ಜೊತೆ ರೇಷ್ಮೆಯ ಫೈಬ್ರಾಯಿನ್ ಎಂಬ ಪ್ರೋಟೀನ್ ಸೇರಿಸಿ ಸೂಕ್ಷ್ಮ ಸೂಜಿ ಮಾಡಿತು. ಒಣಗಿದ ಫೈಬ್ರಾಯಿನ್ ಗಟ್ಟಿ, ಮೈಗೂ ಒಗ್ಗುತ್ತದೆ. ರೇಷ್ಮೆ ದಾರದಲ್ಲಿ ಗಾಯ ಹೊಲಿಯುವುದು ಹಳೆಯ ಪದ್ಧತಿ ತಾನೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ 2020ರಲ್ಲಿ ಫೈಬ್ರಾಯಿನ್ ಜೆಲ್‌ನಲ್ಲಿ ಇನ್ಸುಲಿನ್ ಇಟ್ಟು ಮಧುಮೇಹದ ಇಲಿಗಳಿಗೆ ಚುಚ್ಚಿತು. ಒಂದು ಇಂಜೆಕ್ಷನ್ ನಾಲ್ಕು ದಿನ ಕೆಲಸ ಮಾಡಿತು. ಅದು ನಿಧಾನವಾಗಿ ಬಿಡುವ ಜೆಲ್, ಶುಗರ್ ನೋಡಿ ನಿಲ್ಲುವ ಗುಣ ಅದರದ್ದಲ್ಲ. ಎರಡನ್ನೂ ಕಲಸಿ ಹೇಳಬಾರದು.

ಫೈಬ್ರಾಯಿನ್ ಅಂದರೆ ಎಳೆಯ ಒಳಗಿನ ತಿರುಳು. ಹೊರಗಿನ ಅಂಟು ಸೆರಿಸಿನ್. ಅಕ್ಕ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಎಳೆ ಬಿಡಿಸಿಕೊಳ್ಳುವುದು ಈ ಅಂಟನ್ನೇ. ಪ್ರಯೋಗಾಲಯದಲ್ಲಿ ಸೋಡಾ ಹಾಕಿ ಕುದಿಸಿ ಸೆರಿಸಿನ್ ಪೂರ್ತಿ ತೆಗೆದು, ಉಳಿದದ್ದನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸುತ್ತಾರೆ. ಕರಗಿಸುವುದೇ ಆದ ಮೇಲೆ ಎಳೆಯ ಉದ್ದಕ್ಕೆ ಬೆಲೆ ಇಲ್ಲ. ನೂಲಿಗೆ ಬಾರದೆ ಉಳಿಯುವ ಕತ್ತರಿಸಿದ ಗೂಡು ಕೂಡ ಆಗುತ್ತದೆ. ಶಿಡ್ಲಘಟ್ಟದಲ್ಲಿ ಅದಕ್ಕೆ ಕೊರತೆ ಇಲ್ಲ. ಔಷಧ ದರ್ಜೆಯ ಫೈಬ್ರಾಯಿನ್ ಇಲ್ಲೇ ತಯಾರಾಗಬೇಕು ಅಂತ ನನಗೆ ನಿಜವಾಗಿಯೂ ಆಸೆ ಇದೆ.

ಈಗ

ಮನುಷ್ಯರ ಮೇಲಿನ ಪರೀಕ್ಷೆಗಳ ಸುದ್ದಿ ಬಂದರೆ ಏನು ನೋಡಬೇಕು ಅಂತ ಹುಡುಗ ಕೇಳಿದ್ದಾನೆ. ನಮ್ಮ ದೇಶದಲ್ಲಿ ನಡೆಯುವ ಔಷಧ ಪರೀಕ್ಷೆಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ದಾಖಲಿಸಬೇಕು, ಯಾರು ಬೇಕಾದರೂ ಓದಬಹುದು. ರಾತ್ರಿ ಪೂರ್ತಿ ನೋಡಿದ್ದಾರಾ, 54ರ ಕೆಳಗೆ ಎಷ್ಟು ಹೊತ್ತು ಇದ್ದರು ಅಂತ ಬರೆದಿದ್ದಾರಾ, ಬಿಸಿಲು, ಬೆವರು, ಮೈ ಮುರಿಯುವ ಕೆಲಸ ಇರುವವರನ್ನು ಸೇರಿಸಿಕೊಂಡಿದ್ದಾರಾ ಅಂತ ಹುಡುಕು ಅಂದೆ. ದುಡ್ಡು ಕೊಟ್ಟು ಸ್ಮಾರ್ಟ್ ಪ್ಯಾಚ್ ಕೊಳ್ಳಿ ಅನ್ನುವವರು ಯಾರೇ ಬಂದರೂ ಇನ್ಸುಲಿನ್ ಬಿಡಿಸಬೇಡ ಅಂತಲೂ ಹೇಳಿದ್ದೇನೆ.

ಅಕ್ಕನಿಗೆ ಗ್ಲಾರ್ಜಿನ್, ಊಟದ ಇನ್ಸುಲಿನ್ ಮುಂದುವರಿದಿದೆ. ಹಿಮೋಗ್ಲೋಬಿನ್ 11ಕ್ಕೆ ಬಂದಿದೆ. ಹೊಟ್ಟೆಯ ಗಂಟು ಸಣ್ಣದಾಗುತ್ತಿದೆ, ಪೂರ್ತಿ ಹೋಗಲು ಇನ್ನೂ ಕೆಲವು ತಿಂಗಳು ಬೇಕು. ಮೂತ್ರದ ಆಲ್ಬುಮಿನ್ ಮತ್ತು ಕಣ್ಣಿನ ರೆಟಿನಾ ಪರೀಕ್ಷೆ ಬಾಕಿ ಇವೆ, ದೀಪಾವಳಿ ಕಳೆದ ಮೇಲೆ ಬರಲು ಹೇಳಿದ್ದೇನೆ.